ಎರೆ, ಗರಸು, ಗುಂಡುಗಲ್ಲಿನ ದಾರಿಗೆ ಫುಟ್‌ಪೆಗ್ ಆರಿಸುವುದು ಹೇಗೆ?

ನಿಂತು ಬೈಕ್ ಓಡಿಸುವಾಗ ಸವಾರನ ಮೈಭಾರವೆಲ್ಲ ಬೀಳುವುದು ಎರಡು ಫುಟ್‌ಪೆಗ್‌ಗಳ ಮೇಲೆ. ನಮ್ಮ ಗ್ಯಾರೇಜುಗಳಲ್ಲಿ ಫುಟ್‌ರೆಸ್ಟ್ ಎಂದು ಕರೆಯುವ ಈ ಸಣ್ಣ ಭಾಗದ ಸರದಿ ಬರುವುದು ಕೊನೆಗೆ. ಮೊದಲು ಸೈಲೆನ್ಸರ್, ಆಮೇಲೆ ಲೈಟು, ಆಮೇಲೆ ಕ್ರ್ಯಾಶ್ ಗಾರ್ಡ್, ದುಡ್ಡು ಉಳಿದರೆ ಪೆಗ್. ಆದರೆ ಸಂಡೂರಿನ ಗರಸು ದಾರಿಯಲ್ಲಿ, ಸಿಂಧನೂರಿನ ಕಾಲುವೆ ಏರಿಯ ಮೇಲೆ, ಗಂಗಾವತಿ ಸುತ್ತಲಿನ ಕಲ್ಲುದಾರಿಯಲ್ಲಿ ಗಾಡಿಯನ್ನು ಅರ್ಧ ತಿರುಗಿಸುವುದೇ ಪಾದ. ಬಲ ಪೆಗ್ ಒತ್ತಿದರೆ ಗಾಡಿ ಬಲಕ್ಕೆ ವಾಲುತ್ತದೆ, ಎಡ ಒತ್ತಿದರೆ ಎಡಕ್ಕೆ. ಪಾದ ಜಾರಿದರೆ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ಹ್ಯಾಂಡಲ್ ಅಲುಗಾಡುತ್ತದೆ.

ಹೊಸ ಪೆಗ್ ಕೊಳ್ಳುವವರು ಮೊದಲು ನೋಡುವುದು ಬೂಟು ಜಾರದಂತೆ ಹಿಡಿಯುವ ಹಲ್ಲು. ಫೋಟೊದಲ್ಲಿ ಎದ್ದು ಕಾಣುವುದೂ ಅದೇ. ನಮ್ಮ ಪ್ರಕಾರ ಕ್ರಮ ಇದಕ್ಕೆ ತಿರುವುಮುರುವು: ಮೊದಲು ನಿಮ್ಮ ಗಾಡಿಯಲ್ಲಿ ಪೆಗ್ ಕೂರುವ ಬ್ರ್ಯಾಕೆಟ್‌ನ ಅಳತೆ, ಆಮೇಲೆ ಪೆಗ್‌ನ ಅಗಲ, ಅದಾದ ಮೇಲೆ ಎತ್ತರ, ಲೋಹ. ಹಲ್ಲಿನ ಚೂಪು ಕೊನೆಯದು.

ದುಡ್ಡು ಹಾಕುವ ಮೊದಲು ರಬ್ಬರ್ ತೆಗೆದು ನೋಡಿ

ಹೀರೋ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ ಗಾಡಿಗಳ ಕಂಪನಿ ಪೆಗ್ ಮೇಲೆ ರಬ್ಬರ್ ಹೊದಿಕೆ ಇರುತ್ತದೆ. ಅದನ್ನು ತೆಗೆದರೆ ಕೆಳಗೆ ಹಲ್ಲು ಕೊರೆದ ಲೋಹ ಸಿಗುತ್ತದೆ. ಗಾಡಿಗೆ ತಕ್ಕಂತೆ ಈ ರಬ್ಬರನ್ನು ಕೆಳಗಿನಿಂದ ಬೋಲ್ಟ್ ಹಾಕಿ ಹಿಡಿಸಿರುತ್ತಾರೆ, ಇಲ್ಲವೇ ಗುಂಡಿಯಂತೆ ಒತ್ತಿ ಕೂರಿಸಿರುತ್ತಾರೆ. ಒತ್ತಿ ಕೂರಿಸಿದ್ದಾದರೆ ಸೋಪಿನ ನೀರು ಹಚ್ಚಿ ಕೆಳಗಿನಿಂದ ನೂಕಿದರೆ ಹರಿಯದೆ ಬರುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಈ ರಬ್ಬರ್ ಗಟ್ಟಿಯಾಗಿ ಸೀಳು ಬಿಡುವುದು ಸಾಮಾನ್ಯ. ಒದ್ದೆಯಾದ ಹಳೆಯ ರಬ್ಬರ್ ಮೇಲೆ ಬೂಟು ನಿಲ್ಲುವುದೇ ಇಲ್ಲ.

ತೆಗೆಯುವ ಮೊದಲು ನೆಲದಿಂದ ರಬ್ಬರಿನ ಮೇಲ್ಮೈವರೆಗೆ ಅಳೆದುಕೊಳ್ಳಿ, ತೆಗೆದ ಮೇಲೆ ಹಲ್ಲಿನ ತುದಿಯವರೆಗೆ ಅಳೆಯಿರಿ. ಪಾದ ಎಷ್ಟು ಮಿ.ಮೀ. ಕೆಳಗೆ ಬಂತು ಎಂಬುದು ಗೊತ್ತಾಗುತ್ತದೆ. ಹೀಗೇ ಕೆಲವು ವಾರ ಓಡಿಸಿ. ಜಾರುವುದಷ್ಟೇ ತೊಂದರೆಯಾಗಿದ್ದರೆ ಖರ್ಚಿಲ್ಲದೆ ಅದು ಮುಗಿಯಿತು. ಮೊಣಕಾಲಿಗೆ ಹಾಯೆನಿಸಿದರೆ ನಿಮಗೆ ತಗ್ಗಿದ ಪೆಗ್ ಬೇಕು ಎಂಬ ಸೂಚನೆ ಸಿಕ್ಕಿತು. ಪಾದದ ಮಧ್ಯೆ ಒತ್ತಿ ನೋಯುತ್ತಿದ್ದರೆ ಬೇಕಿರುವುದು ಅಗಲ. ಸಿಂಗಲ್ ಸಿಲಿಂಡರ್ ಇಂಜಿನ್ನಿನ ನಡುಕ ಈಗ ನೇರವಾಗಿ ಪಾದಕ್ಕೆ ಬರುತ್ತದೆ. ಸಿಂಧನೂರು, ಸಿರುಗುಪ್ಪ ದಾಟಿ ರಾಯಚೂರು–ಬಳ್ಳಾರಿ ಟಾರು ರಸ್ತೆಯಲ್ಲಿ ದಿನಾ ಓಡಾಡುವವರು ರಬ್ಬರನ್ನು ಎಸೆಯದೆ ಇಟ್ಟುಕೊಳ್ಳಿ.

ನಿಮ್ಮ ನೆಲ ಯಾವುದು?

ಒಂದೇ ಪೆಗ್ ಎಲ್ಲ ನೆಲಕ್ಕೂ ಹೊಂದುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲೇ ನೆಲ ಬೇರೆ ಬೇರೆ.

ಸಿರುಗುಪ್ಪ, ಸಿಂಧನೂರು, ಯಲಬುರ್ಗಾ ಕಡೆಯ ಎರೆ ಹೊಲದ ದಾರಿಯಲ್ಲಿ ಮಳೆ ಬಂದರೆ ಸಮಸ್ಯೆ ಅಂಟು. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೂಟಿನ ಅಡಿಗೆ ಹಿಡಿದ ರಾಡಿ ಪೆಗ್‌ನ ಹಲ್ಲುಗಳ ನಡುವೆ ತುಂಬಿಕೊಂಡರೆ ಚೂಪಾದ ಹಲ್ಲು ಇದ್ದೂ ಇಲ್ಲದಂತೆ. ಆದ್ದರಿಂದ ಇಲ್ಲಿ ತಳ ತೆರೆದ ಪೆಗ್ ಬೇಕು. ಮೇಲಿನಿಂದ ನೋಡಿದರೆ ನೆಲ ಕಾಣಬೇಕು, ಹೆಬ್ಬೆರಳು ತೂರುವಷ್ಟು ಕಿಂಡಿ ಇರಬೇಕು. ಆಗ ಕಾಲಿನ ಒತ್ತಡಕ್ಕೆ ರಾಡಿ ಕೆಳಗೆ ಇಳಿದು ಬೀಳುತ್ತದೆ. ತಟ್ಟೆಯಂತೆ ತಳ ಮುಚ್ಚಿ, ಮೇಲೆ ಸ್ಕ್ರೂ ನಿಲ್ಲಿಸಿದ ಪೆಗ್ ಎಷ್ಟೇ ಚೆಂದ ಕಂಡರೂ ಎರೆಗೆ ಬೇಡ. ಅದೇ ದಾರಿ ಬೇಸಿಗೆಯಲ್ಲಿ ಇನ್ನೊಂದು ಕಾಟ ಕೊಡುತ್ತದೆ. ಟ್ರ್ಯಾಕ್ಟರಿನ ಜಾಡು ಆಳವಾಗಿ ಒಣಗಿ ಗೋಡೆಯಾಗಿ ನಿಂತಿರುತ್ತದೆ. ತೀರ ಉದ್ದದ ಅಥವಾ ತೀರ ತಗ್ಗಿದ ಪೆಗ್ ಆ ಗೋಡೆಗೆ ತಾಗಿದರೆ ಪೆಗ್ಗಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವುದು ಹಿಮ್ಮಡಿ.

ಸಂಡೂರು, ತೋರಣಗಲ್ಲು ಸುತ್ತಲಿನ ಕೆಂಧೂಳು ಬೇರೆ ಬಗೆಯದು. ಕಬ್ಬಿಣದ ಅದಿರಿನ ಸಣ್ಣ ಪುಡಿ ಪೆಗ್‌ನ ಪಿನ್ನಿಗೂ ತೂತಿಗೂ ನಡುವೆ ಸೇರಿ, ಗ್ರೀಸಿನ ಜೊತೆ ಬೆರೆತು ಅರೆಯತೊಡಗುತ್ತದೆ. ಪಿನ್ ಸವೆದು ಪೆಗ್ ಸಡಿಲವಾಗುತ್ತದೆ, ಇಲ್ಲವೇ ಪುಡಿ ಗಟ್ಟಿಯಾಗಿ ಮಡಚಿದ ಪೆಗ್ ವಾಪಸ್ ಬೀಳುವುದೇ ಇಲ್ಲ. ಕಾಲಿಟ್ಟ ಕಡೆ ಪೆಗ್ ಇಲ್ಲದಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಈ ಕಡೆಯವರು ಸ್ಪ್ರಿಂಗಿನ ಬಿಗಿ ಮತ್ತು ಪಿನ್ನಿನ ಗುಣಮಟ್ಟ ನೋಡಿ ಕೊಳ್ಳಬೇಕು.

ಗಂಗಾವತಿ, ಆನೆಗೊಂದಿ ಕಡೆ ಗ್ರಾನೈಟ್ ಗುಂಡುಗಳು. ಇಲ್ಲಿ ಪೆಗ್ ಕಲ್ಲಿಗೆ ಬಡಿಯುವುದು ಖಚಿತ. ಹಾಗಾಗಿ ಅದು ಮೇಲಕ್ಕೂ ಹಿಂದಕ್ಕೂ ಸಲೀಸಾಗಿ ಮಡಚಬೇಕು, ಬಡಿದಾಗ ಮುರಿಯುವ ಬದಲು ಬಾಗಬೇಕು.

ಎಲ್ಲ ಕಡೆಗೂ ಸಲ್ಲುವ ಮಾತೊಂದಿದೆ: ಬಳ್ಳಾರಿ ಜಾಲಿ. ದಾರಿಬದಿಯ ಜಾಲಿ ಮುಳ್ಳು ಮೆತ್ತನೆಯ ಅಟ್ಟೆಯನ್ನು ದಾಟಿ ಪಾದಕ್ಕೆ ಚುಚ್ಚುತ್ತದೆ. ಆದ್ದರಿಂದ ಗಟ್ಟಿ ಅಟ್ಟೆಯ ಬೂಟನ್ನೇ ಹಾಕಬೇಕು. ಪೆಗ್ ಆರಿಸುವಾಗ ಕಾಲಲ್ಲಿ ಅದೇ ಬೂಟಿರಲಿ.

ಬ್ರ್ಯಾಕೆಟ್ ಅಳೆಯುವುದು

ಮನೆಗೆ ಬಂದ ಪೆಗ್ ಕೂರಲಿಲ್ಲ, ಕೂತರೂ ಜೋತು ಬಿತ್ತು ಎಂಬ ದೂರುಗಳ ಮೂಲ ಹೆಚ್ಚಾಗಿ ಅಳತೆಯಲ್ಲಿರುತ್ತದೆ. ಗಾಡಿಯ ಹೆಸರು ಹೇಳಿ ಕೊಂಡರೆ ಸಾಲದು, ಮಾಡೆಲ್ ಮತ್ತು ವರ್ಷವನ್ನೂ ಹೇಳಿ. ಹಿಮಾಲಯನ್ 411 ಮತ್ತು 450 ಹೆಸರಿನಲ್ಲಿ ಅಣ್ಣತಮ್ಮಂದಿರಾದರೂ ಚಾಸಿಯೇ ಬೇರೆ.

ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ಯಾವುದೇ ಲೇತ್ ಅಂಗಡಿಯಲ್ಲಿ ಐದು ನಿಮಿಷಕ್ಕೆ ಕೇಳಿ ಪಡೆಯಬಹುದು. ಹಳೆಯ ಪೆಗ್ ಬಿಚ್ಚಿ ಮೊದಲು ಪಿನ್ನಿನ ದಪ್ಪ ನೋಡಿ, ಸಾಮಾನ್ಯವಾಗಿ 8 ಅಥವಾ 10 ಮಿ.ಮೀ. ಇರುತ್ತದೆ. ಬ್ರ್ಯಾಕೆಟ್‌ನ ಎರಡು ಕಿವಿಗಳ ನಡುವಿನ ಅಂತರ ಮತ್ತು ಅದರೊಳಗೆ ಕೂರುವ ಪೆಗ್‌ನ ಕಣ್ಣಿನ (ಪಿನ್ ತೂರುವ ತೂತಿರುವ ಭಾಗದ) ಎತ್ತರ, ಇವೆರಡನ್ನೂ ಬರೆದುಕೊಳ್ಳಿ. ಇವುಗಳ ವ್ಯತ್ಯಾಸ ಅರ್ಧ ಮಿ.ಮೀ. ಒಳಗಿದ್ದರೆ ಒಳ್ಳೆಯದು. ಒಂದು ಮಿ.ಮೀ. ದಾಟಿದರೆ ತೆಳು ವಾಷರ್ ಹಾಕಿ ಸರಿ ಮಾಡಬೇಕಾಗುತ್ತದೆ. ಪಿನ್ನಿನ ನಡುವಿನಿಂದ ಪೆಗ್‌ನ ಹೊರತುದಿಯವರೆಗಿನ ಉದ್ದವನ್ನೂ ಬರೆದಿಡಿ.

ಇಷ್ಟರಲ್ಲಿ ಜನ ಬಿಟ್ಟುಬಿಡುವ ಅಳತೆಯೇ ಮುಖ್ಯವಾದದ್ದು. ಪೆಗ್ ಕೆಳಗೆ ಬೀಳದಂತೆ ಹಿಡಿಯುವುದು ಪಿನ್ ಅಲ್ಲ, ಕಣ್ಣಿನ ಪಕ್ಕದಲ್ಲಿ ಪೆಗ್ ಬ್ರ್ಯಾಕೆಟ್ಟಿಗೆ ಆತುಕೊಳ್ಳುವ ಸಣ್ಣ ಮುಖ. ಅದು ಪಿನ್ನಿನಿಂದ 15 ಮಿ.ಮೀ. ದೂರದಲ್ಲಿದೆ, ಪೆಗ್‌ನ ತುದಿ 90 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಆ ಮುಖದಲ್ಲಿ ಅರ್ಧ ಮಿ.ಮೀ. ಸಂದು ಇದ್ದರೆ ತುದಿ 3 ಮಿ.ಮೀ. ಜೋಲುತ್ತದೆ. ಒಂದೂವರೆ ಮಿ.ಮೀ. ಸಂದಿದ್ದರೆ 9 ಮಿ.ಮೀ. ಭಾರದ ಲೆಕ್ಕವೂ ಇದೇ ರೀತಿ. 75 ಕಿಲೋ ತೂಕದ ಸವಾರ ಸುಮ್ಮನೆ ನಿಂತರೆ ಒಂದು ಪೆಗ್ ಮೇಲೆ ಸುಮಾರು 37 ಕಿಲೋ. ಪಾದದ ನಡು ಪಿನ್ನಿನಿಂದ 60 ಮಿ.ಮೀ. ಆಚೆ ಇದ್ದರೆ ಆ ಸಣ್ಣ ಮುಖದ ಮೇಲೆ ಬೀಳುವುದು ಅದರ ನಾಲ್ಕು ಪಟ್ಟು, ಅಂದರೆ 150 ಕಿಲೋ ಹತ್ತಿರ. ಹಳ್ಳದ ದಡ ಹಾರಿ ಇಳಿದಾಗ ಇದು ಇನ್ನೂ ಎಷ್ಟೋ ಪಟ್ಟು ಏರುತ್ತದೆ. ಮೆತ್ತನೆಯ ಅಲ್ಯೂಮಿನಿಯಂ ಪೆಗ್‌ಗಳು ಕೆಲವೇ ತಿಂಗಳಲ್ಲಿ ಜೋತು ಬೀಳುವುದಕ್ಕೆ ಕಾರಣ ಇದೇ. ಆ ಮುಖ ಬಡಿತಕ್ಕೆ ಜಜ್ಜಿ ಹೋಗಿರುತ್ತದೆ. ಕೊಳ್ಳುವಾಗ ಪೆಗ್ ತಿರುಗಿಸಿ ಆ ಜಾಗ ನೋಡಿ. ಅಗಲವಾಗಿ, ಸಮತಟ್ಟಾಗಿ, ಮಷಿನ್ ಮಾಡಿದ ಗುರುತು ಇರಬೇಕು. ಎರಕದ ಒರಟು ಮೈ ಹಾಗೇ ಬಿಟ್ಟಿದ್ದರೆ ಅದು ಒಂದೆರಡು ಬಿಂದುಗಳಲ್ಲಷ್ಟೇ ಆತುಕೊಳ್ಳುತ್ತದೆ, ಬೇಗ ಜಜ್ಜಿ ಹೋಗುತ್ತದೆ.

ಅಗಲ, ಉದ್ದ

45 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪೆಗ್‌ನ ಮೇಲ್ಮೈ 3,600 ಚದರ ಮಿ.ಮೀ. ಅದೇ 60 ಅಗಲ, 90 ಉದ್ದದ್ದಾದರೆ 5,400. ಒಂದೂವರೆ ಪಟ್ಟು ಜಾಗದಲ್ಲಿ ಅದೇ ಭಾರ ಹರಡಿಕೊಳ್ಳುತ್ತದೆ. ಒಂದು ತಾಸು ನಿಂತು ಓಡಿಸಿದ ಮೇಲೂ ಪಾದದ ನಡುವೆ ಗೆರೆ ಎಳೆದಂತೆ ನೋಯುವುದಿಲ್ಲ. ನಮ್ಮ ಶಿಫಾರಸು 55ರಿಂದ 60 ಮಿ.ಮೀ. ಅಗಲ. ಇದಕ್ಕಿಂತ ಹೆಚ್ಚು ಅಗಲವಾದರೆ ಪೆಗ್‌ನ ಮುಂದಿನ ಅಂಚು ಗೇರ್ ಲಿವರಿಗೆ ಹತ್ತಿರವಾಗಿ, ದಪ್ಪ ಬೂಟಿನ ಮುಂಗಾಲನ್ನು ಲಿವರ್ ಅಡಿಗೆ ತೂರಿಸಲು ಆಗುವುದಿಲ್ಲ. ಹಿಂದಿನ ಅಂಚಿಗೆ ಮೀನಖಂಡ ತಗಲುತ್ತದೆ.

ಉದ್ದ 85–95 ಮಿ.ಮೀ. ಸಾಕು. ಹೆಚ್ಚು ಉದ್ದದ ಪೆಗ್ ಬಿದ್ದಾಗ ಮೊದಲು ನೆಲಕ್ಕೆ ತಾಗಿ ಬ್ರ್ಯಾಕೆಟ್ಟನ್ನು ಸನ್ನೆಗೋಲಿನಂತೆ ಮೀಟುತ್ತದೆ.

ಎತ್ತರ

ಇಲ್ಲಿ ಹೆಚ್ಚಿನವರು ತಗ್ಗಿದ ಪೆಗ್ಗೇ ಒಳ್ಳೆಯದೆಂದು ತಿಳಿದಿರುತ್ತಾರೆ. ಅದು ಎಲ್ಲರಿಗೂ ಅಲ್ಲ. ಪೆಗ್ 10 ಮಿ.ಮೀ. ತಗ್ಗಿದರೆ ಕೂತಾಗ ಮೊಣಕಾಲು ಅಷ್ಟು ಬಿಚ್ಚಿಕೊಳ್ಳುತ್ತದೆ, ಗಾಡಿಯ ಭಾರಕೇಂದ್ರದ ಹತ್ತಿರ ನಿಂತಂತೆ ಅನಿಸುತ್ತದೆ. ಬದಲಿಗೆ ನೆಲದಿಂದ ಪೆಗ್ ಅಂತರ ಅಷ್ಟೇ ಕಡಿಮೆಯಾಗುತ್ತದೆ, ವಾಲಿಸಿದಾಗ ಬೇಗ ತಾಗುತ್ತದೆ. ನಿಂತಾಗ ನಿಮ್ಮ ಭುಜವೂ 10 ಮಿ.ಮೀ. ಇಳಿಯುವುದರಿಂದ ಹ್ಯಾಂಡಲ್ ಎತ್ತರವಾದಂತೆ ಆಗುತ್ತದೆ. ಎತ್ತರದ ಆಳುಗಳಿಗೆ ಇದು ಲಾಭವೇ. ಬೆನ್ನು ಬಾಗುತ್ತದೆಂದು ಹ್ಯಾಂಡಲ್ ರೈಸರ್ ಕೊಳ್ಳುವ ಮೊದಲು ಪೆಗ್ ತಗ್ಗಿಸಿ ನೋಡಿ, ರೈಸರಿನ ಅಗತ್ಯವೇ ಬೀಳದಿರಬಹುದು.

ಲೆಕ್ಕ ಸುಲಭ. ನಿಮ್ಮ ಎತ್ತರ ಐದೂವರೆ ಅಡಿಯ ಆಸುಪಾಸಿದ್ದರೆ ಕಂಪನಿ ಎತ್ತರದಲ್ಲೇ ಇರಿ, ಅಗಲ ಮಾತ್ರ ಹೆಚ್ಚಿಸಿ. ಐದು ಅಡಿ ಎಂಟು ಇಂಚಿನಿಂದ ಮೇಲಿದ್ದರೆ 10 ಮಿ.ಮೀ. ತಗ್ಗಿದ್ದು ನೋಡಬಹುದು. ಆರು ಅಡಿಯವರಿಗೆ 15–20 ಮಿ.ಮೀ. ಹೊಂದುತ್ತದೆ, ಆದರೆ ಗುಂಡುಗಲ್ಲಿನ ದಾರಿಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಎಕ್ಸ್‌ಪಲ್ಸ್ 200 ಸಾಮಾನ್ಯ ಮಾಡೆಲಿನ ಗ್ರೌಂಡ್ ಕ್ಲಿಯರೆನ್ಸ್ (ನೆಲದಂತರ) 220 ಮಿ.ಮೀ., 4ವಿ ಪ್ರೊ ಮಾಡೆಲಿನದು 270 ಮಿ.ಮೀ. ಸಸ್ಪೆನ್ಷನ್ ಎತ್ತರವಾದರೆ ಮೊಣಕಾಲಿಗೂ ಜಾಗ ಸಿಗುತ್ತದೆಂದು ಕೆಲವರ ಲೆಕ್ಕ. ಸಿಗುವುದಿಲ್ಲ. ಸೀಟೂ ಪೆಗ್ಗೂ ಒಂದೇ ಚಾಸಿಯ ಮೇಲಿರುವುದರಿಂದ ಎರಡೂ ಒಟ್ಟಿಗೆ ಮೇಲೇರುತ್ತವೆ. ಸೀಟು ಮತ್ತು ಪೆಗ್ ನಡುವಿನ ಅಂತರ ಬದಲಾಗುವುದು ಸೀಟಿನ ಫೋಮ್ ಅಥವಾ ಪೆಗ್ ಬದಲಾದಾಗ ಮಾತ್ರ. ನೆಲದಂತರ ಹೆಚ್ಚಿರುವ ಗಾಡಿಯಲ್ಲಿ ಪೆಗ್ ತಗ್ಗಿಸಲು ಧೈರ್ಯ ಮಾಡಬಹುದು ಎಂಬುದಷ್ಟೇ ನಿಜ.

ಲೋಹ

ಉಕ್ಕಿನ ಪೆಗ್ ಭಾರ, ಆದರೆ ಬಾಗುತ್ತದೆ, ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಬಿರುಕು ಬಿಟ್ಟರೆ ಯಾವ ಊರಲ್ಲೂ ವೆಲ್ಡ್ ಆಗುತ್ತದೆ. ಮಸ್ಕಿ, ಲಿಂಗಸುಗೂರು ಕಡೆ ದೂರದ ದಾರಿ ಹಿಡಿಯುವವರಿಗೆ ನಾವು ಮೊದಲು ಹೇಳುವುದು ಇದನ್ನೇ. ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಕ್ರೋಮೋಲಿ ಉಕ್ಕು ಸಿಕ್ಕರೆ ಇನ್ನೂ ಉತ್ತಮ, ಅದೇ ಬಲಕ್ಕೆ ತೂಕ ಕಡಿಮೆ. 304 ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲ, ಗದ್ದೆ ನೀರಿನಲ್ಲಿ ಓಡಾಡುವ ಗಾಡಿಗೆ ಒಳ್ಳೆಯದು.

ಅಲ್ಯೂಮಿನಿಯಂನಲ್ಲಿ ಎರಡು ಜಾತಿ. ಗಟ್ಟಿ ತುಂಡನ್ನು ಮಷಿನ್‌ನಲ್ಲಿ ಕೊರೆದು ಮಾಡಿದ್ದು, 6061-ಟಿ6 ಅಥವಾ 7075-ಟಿ6 ಎಂದು ಬರೆದಿರುತ್ತಾರೆ. 7075 ಹೆಚ್ಚು ಗಟ್ಟಿ, ಆದರೆ ಒಡೆದರೆ ವೆಲ್ಡಿಂಗಿಗೆ ಒಗ್ಗುವುದಿಲ್ಲ. ಎರಡನೆಯದು ಅಚ್ಚಿಗೆ ಎರಕ ಹೊಯ್ದದ್ದು. ಅಗ್ಗದ ಎರಕದ ಅಲ್ಯೂಮಿನಿಯಂ ಪೆಗ್ ಕೊಳ್ಳಲೇಬೇಡಿ. ಅದು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಕಣ್ಣಿನ ಹತ್ತಿರ ಒಮ್ಮೆಗೇ ಕಡಿಯುತ್ತದೆ. ಟೈಟಾನಿಯಂ ರೇಸಿನವರಿಗೆ ಬಿಡಿ.

ಅಂಗಡಿಯಲ್ಲಿ ಅಯಸ್ಕಾಂತ ಹಚ್ಚಿ ನೋಡಿ. ಗಟ್ಟಿಯಾಗಿ ಅಂಟಿದರೆ ಉಕ್ಕು, ಅಂಟದೆ ತೂಕ ಹಗುರವಿದ್ದರೆ ಅಲ್ಯೂಮಿನಿಯಂ. 304 ಸ್ಟೇನ್‌ಲೆಸ್ ಅಂಟುವುದಿಲ್ಲ, ಅಂಟಿದರೂ ಅಲ್ಪಸ್ವಲ್ಪ, ಆದರೆ ಕೈಯಲ್ಲಿ ಭಾರವಾಗಿರುತ್ತದೆ. ಕಪ್ಪು ಬಣ್ಣ ಬಳಿದ ಪೆಗ್‌ಗೆ ಈ ಪರೀಕ್ಷೆ ಬೇಕೇ ಬೇಕು.

ಪಿವಟ್ ಪೆಗ್ಸ್‌ನಂಥ ವಿದೇಶಿ ಪೆಗ್‌ಗಳು ಪಾದದ ಜೊತೆಗೆ ಹಿಂದೆ ಮುಂದೆ ಓಲಾಡುತ್ತವೆ. ಬೂಟಿನ ಅಟ್ಟೆ ಸದಾ ಪೂರ್ತಿ ತಾಗಿಕೊಂಡಿರುತ್ತದೆ, ಬ್ರೇಕ್ ಒತ್ತುವಾಗಲೂ ಹಿಡಿತ ತಪ್ಪುವುದಿಲ್ಲ. ಆದರೆ ಓಲಾಡುವ ಜಾಗಕ್ಕೂ ಸ್ಪ್ರಿಂಗ್ ಇರುವುದರಿಂದ ಅದಿರಿನ ಧೂಳಿನಲ್ಲಿ ತೊಳೆದು ನೋಡಿಕೊಳ್ಳುವ ಕೆಲಸ ಇಮ್ಮಡಿ.

ಹಲ್ಲು

ಗಟ್ಟಿ ಅಟ್ಟೆಯ ಆಫ್‌ರೋಡ್ ಬೂಟು ಇದ್ದವರಿಗೆ 8 ಮಿ.ಮೀ. ಎತ್ತರದ ಚೂಪು ಹಲ್ಲು ಸರಿ. ಅದೇ ಗಾಡಿಯಲ್ಲಿ ಚಪ್ಪಲಿ ಹಾಕಿಕೊಂಡು ಹೊಲಕ್ಕೆ, ಗಂಬೂಟಿನಲ್ಲಿ ಗದ್ದೆಗೆ, ಸಾದಾ ಶೂಸಿನಲ್ಲಿ ಆಫೀಸಿಗೆ ಹೋಗುವವರು 4–5 ಮಿ.ಮೀ. ಹಲ್ಲಿಗೆ ನಿಲ್ಲಿ. ಚೂಪು ಹಲ್ಲು ಮೆತ್ತನೆಯ ಅಟ್ಟೆಯನ್ನು ಒಂದು ಹಂಗಾಮಿನಲ್ಲೇ ಕಡಿದು ಹಾಕುತ್ತದೆ. ರಾಡಿಯಲ್ಲಿ ಸಿಕ್ಕ ಗಾಡಿಯನ್ನು ಇಳಿದು ತಳ್ಳುವಾಗ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುವುದೂ ಅದೇ ಹಲ್ಲು. ಸ್ಕ್ರೂ ಹಲ್ಲಿನ ಪೆಗ್ ಆದರೆ ಸವೆದದ್ದನ್ನು ಮಾತ್ರ ಬದಲಿಸಬಹುದು. ಆದರೆ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಅಂಟು ಹಚ್ಚದಿದ್ದರೆ ನಡುಕಕ್ಕೆ ಒಂದೊಂದಾಗಿ ಉದುರುತ್ತವೆ.

ಲೇತ್ ಅಂಗಡಿಯಲ್ಲಿ ಅಗಲ ಮಾಡಿಸುವುದು

ಬಳ್ಳಾರಿಯಲ್ಲಿ ಗಣಿ ಲಾರಿಗಳ, ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ರೈಸ್ ಮಿಲ್ಲುಗಳ ಕೆಲಸ ಮಾಡಿ ಪಳಗಿದ ವೆಲ್ಡರುಗಳು ಇದ್ದಾರೆ. ಕಂಪನಿ ಪೆಗ್ ಉಕ್ಕಿನದಾಗಿದ್ದು, ಎತ್ತರ ನಿಮಗೆ ಸರಿಯಾಗಿದ್ದರೆ, ಅದನ್ನೇ ಅಗಲ ಮಾಡಿಸುವುದು ಅಗ್ಗವೂ ಗಟ್ಟಿಯೂ ಆದ ದಾರಿ. ಕಣ್ಣು, ಪಿನ್, ಆತುಕೊಳ್ಳುವ ಮುಖ ಎಲ್ಲ ಕಂಪನಿಯದೇ ಉಳಿಯುವುದರಿಂದ ಫಿಟ್ಟಿಂಗ್ ತಕರಾರು ಬರುವುದೇ ಇಲ್ಲ.

ಪೆಗ್ ಬಿಚ್ಚಿಕೊಂಡು ಹೋಗಿ, ಗಾಡಿಯ ಮೇಲೆ ಇರುವಾಗ ವೆಲ್ಡ್ ಮಾಡಿಸಬೇಡಿ, ವೆಲ್ಡಿಂಗಿನ ಕರೆಂಟು ಗಾಡಿಯ ಇಸಿಯುವನ್ನು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು. 5 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯನ್ನು ಪೆಗ್‌ನ ಉದ್ದಕ್ಕೆ ಕತ್ತರಿಸಿ ಒಂದು ಪೆಗ್ಗಿಗೆ ಎರಡರಂತೆ ನಾಲ್ಕು ತುಂಡು ಮಾಡಿ. ಪಟ್ಟಿಯ ಮೇಲಂಚಿನಲ್ಲಿ 10 ಮಿ.ಮೀ.ಗೊಂದು, 4–5 ಮಿ.ಮೀ. ಆಳದ ವಿ ಆಕಾರದ ಕೊರೆತ ಹಾಕಿಸಿ, ಅದೇ ಹಲ್ಲು. ಪೆಗ್‌ನ ಮುಂದೊಂದು, ಹಿಂದೊಂದು ಪಟ್ಟಿ ನಿಲ್ಲಿಸಿ ನೇರ ಅಂಟಿಸಿದರೆ ಅಗಲ 10 ಮಿ.ಮೀ. ಹೆಚ್ಚುತ್ತದೆ, ಹೆಚ್ಚಿನವರಿಗೆ ಅಷ್ಟು ಸಾಕು. ಮೊದಲು ನಾಲ್ಕು ಕಡೆ ಚುಕ್ಕಿ ವೆಲ್ಡ್ ಹಾಕಿಸಿ ಬೂಟಿಟ್ಟು ನೋಡಿ, ಸರಿಯೆನಿಸಿದರೆ ಪೂರ್ತಿ ಮಾಡಿಸಿ.

ವೆಲ್ಡ್ ಬೀಳುವ ಜಾಗದ ಸತುವಿನ ಲೇಪವನ್ನು ಮೊದಲೇ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ, ಹೊಗೆಯೂ ವಿಷ. ಕಣ್ಣಿನ ತೂತಿನಿಂದ 15 ಮಿ.ಮೀ. ಒಳಗೆ ಬೆಸುಗೆ ಬೇಡ, ಕಾವಿಗೆ ತೂತು ಸೊಟ್ಟಾಗಿ ಪಿನ್ ಹೋಗುವುದಿಲ್ಲ. ಕೆಂಪಾದ ಪೆಗ್ಗನ್ನು ಬೇಗ ಆರಲಿ ಎಂದು ನೀರಿಗೆ ಅದ್ದುವುದನ್ನು ತಡೆಯಿರಿ. ಹಠಾತ್ ತಣಿದ ಬೆಸುಗೆಯ ಪಕ್ಕ ಗಡುಸಾಗಿ ಆಮೇಲೆ ಅಲ್ಲೇ ಬಿರುಕು ಬಿಡುತ್ತದೆ. ಎಡ ಬಲ ಪೆಗ್‌ಗಳು ಕನ್ನಡಿ ಬಿಂಬದಂತೆ ಇರಬೇಕೆಂಬುದನ್ನು ವೆಲ್ಡರಿಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿ.

ಕೂರಿಸುವ ಕ್ರಮ

1. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ. ಸ್ಪ್ರಿಂಗ್ ಯಾವ ಕಾಲು ಎಲ್ಲಿ ಆತುಕೊಂಡಿದೆ ಎಂಬುದನ್ನು ಎರಡೂ ಕಡೆ ಫೋಟೊ ತೆಗೆದುಕೊಳ್ಳಿ. ಎಡದ ಸ್ಪ್ರಿಂಗ್ ಬಲಕ್ಕೆ ಹೊಂದುವುದಿಲ್ಲ.

2. ಮುಖ್ಯ ಪಿನ್ ಜಾರದಂತೆ ಹಿಡಿಯುವ, ಎರಡು ಕಾಲಿನ ಕಾಟರ್ ಪಿನ್ನಿನ ಕಾಲು ನೆಟ್ಟಗೆ ಮಾಡಿ ಮೂಗಿನ ಇಕ್ಕಳದಿಂದ ಎಳೆಯಿರಿ. ಮುಖ್ಯ ಪಿನ್ ಹೊರಬರುವಾಗ ಸ್ಪ್ರಿಂಗ್ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ತುಕ್ಕು ಹಿಡಿದಿದ್ದರೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ.

3. ಬ್ರ್ಯಾಕೆಟ್‌ನ ಕಿವಿಗಳನ್ನು ಒರೆಸಿ ತೂತು ನೋಡಿ. ದುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪೆಗ್ಗೂ ಲಡಲಡ ಅನ್ನುತ್ತದೆ. ಬೋಲ್ಟಿನ ಬ್ರ್ಯಾಕೆಟ್ ಆದರೆ ಬಿಚ್ಚಿ ಲೇತಿನಲ್ಲಿ ಬುಷ್ ಕೂರಿಸಿ.

4. ಸ್ಪ್ರಿಂಗ್ ಇಲ್ಲದೆ ಪೆಗ್ ಮತ್ತು ಪಿನ್ ಮಾತ್ರ ಹಾಕಿ ನೋಡಿ. ಹೊರತುದಿ ನೆಲಕ್ಕೆ ಸಮಾನಾಂತರವಾಗಿ ಅಥವಾ ಕೂದಲೆಳೆಯಷ್ಟು ಮೇಲಕ್ಕೆ ಇರಬೇಕು, ಕೆಳಗೆ ಇಳಿದಿರಬಾರದು. ಹೆಚ್ಚು ಮೇಲಿದ್ದರೆ ಪೆಗ್‌ನ ಆತುಕೊಳ್ಳುವ ಮುಖವನ್ನು ಅರದಿಂದ ಎರಡು ಮೂರು ಸಲ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ. ಗ್ರೈಂಡರ್ ಹಿಡಿಯಬೇಡಿ. ಹೆಚ್ಚು ಸವೆಸಿದ್ದನ್ನು ವಾಪಸ್ ತರಲಾಗುವುದಿಲ್ಲ. ಉಜ್ಜುವುದು ಪೆಗ್ಗನ್ನು ಮಾತ್ರ, ಬ್ರ್ಯಾಕೆಟ್ಟನ್ನು ಮುಟ್ಟಬೇಡಿ.

5. ಪೂರ್ತಿ ಮಡಚಿ ನೋಡಿ. ಅಗಲದ ಪೆಗ್ ಬಲಕ್ಕೆ ಬ್ರೇಕ್ ಪೆಡಲಿಗೆ, ಎಡಕ್ಕೆ ಸೈಡ್ ಸ್ಟ್ಯಾಂಡಿಗೆ, ಕೆಲವೆಡೆ ಇಂಜಿನ್ ಕೇಸಿಗೇ ತಗಲಬಹುದು. ತಗಲಿದರೆ ಆ ಮೂಲೆಯನ್ನು ಉಜ್ಜಿ ದುಂಡು ಮಾಡಿ.

6. ಪಿನ್ನಿಗೆ ನೀರು ಹಿಡಿಯದ ಗ್ರೀಸ್ ತೆಳುವಾಗಿ ಸವರಿ, ಹೊರಗೆ ಉಕ್ಕಿದ್ದನ್ನು ಪೂರ್ತಿ ಒರೆಸಿ. ಸ್ಪ್ರಿಂಗ್ ಕೂರಿಸಿ ಪಿನ್ ತೂರಿಸಿ. ಪಿನ್ ನಿಂತಂತೆ ಇರುವ ಗಾಡಿಗಳಲ್ಲಿ ಅದರ ತಲೆ ಮೇಲೆ ಬರಲಿ. ಕಾಟರ್ ಪಿನ್ ಉದುರಿದರೂ ಮುಖ್ಯ ಪಿನ್ ತನ್ನ ಭಾರಕ್ಕೆ ಅಲ್ಲೇ ಕೂತಿರುತ್ತದೆ.

7. ವಾಷರ್, ಆಮೇಲೆ ಹೊಸ ಕಾಟರ್ ಪಿನ್. ಹಳೆಯದನ್ನು ಮತ್ತೆ ಬಗ್ಗಿಸಬೇಡಿ, ಅದು ಕಡಿಯುವುದು ಬಗ್ಗಿದ ಜಾಗದಲ್ಲೇ. ಬ್ರ್ಯಾಕೆಟ್ ಬೋಲ್ಟ್ ಬಿಚ್ಚಿದ್ದರೆ ನೀಲಿ ಥ್ರೆಡ್‌ಲಾಕರ್ ಹಚ್ಚಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ ಬಿಗಿ ಮಾಡಿ.

ಹಿಂದೆ ಕೂರುವವರ ಫುಟ್‌ರೆಸ್ಟ್ ಹಿಮ್ಮಡಿಗೆ ತಾಗುತ್ತದೆಂದು ಕಿತ್ತುಹಾಕುವವರಿದ್ದಾರೆ. ಬೇಡ. ಹಿಂಬದಿ ಸವಾರಿ ಇರುವ ಗಾಡಿಗೆ ಫುಟ್‌ರೆಸ್ಟ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ.

ಬ್ರೇಕ್, ಗೇರ್ ಸರಿಪಡಿಸದೆ ಹೊರಡಬೇಡಿ

ಪೆಗ್ ಬದಲಿಸಿ ಪೆಡಲನ್ನು ಹಾಗೇ ಬಿಡುವುದು ನಿಜವಾದ ಅಪಾಯ. ಪೆಗ್ 10 ಮಿ.ಮೀ. ತಗ್ಗಿತೆಂದರೆ ಬ್ರೇಕ್ ಪೆಡಲ್ ಪಾದಕ್ಕೆ 10 ಮಿ.ಮೀ. ಮೇಲೇರಿತು. ನಿಂತಾಗ ಬೂಟಿನ ತುದಿ ಗೊತ್ತಿಲ್ಲದೆ ಅದನ್ನು ಒತ್ತುತ್ತಲೇ ಇರುತ್ತದೆ. ಪ್ಯಾಡ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಇಳಿಜಾರಿನಲ್ಲಿ ಬೇಕಾದಾಗ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ.

ಗಾಡಿ ನಿಲ್ಲಿಸಿಕೊಂಡು ಒಬ್ಬರು ಹಿಡಿದಿರಲಿ, ನೀವು ಬೂಟು ಹಾಕಿ ಪೆಗ್ ಮೇಲೆ ನಿಲ್ಲಿ, ಮೊಣಕಾಲು ತುಸು ಬಗ್ಗಿರಲಿ. ಬೂಟಿನ ಅಡಿ ಪೆಡಲಿಗೆ ತಾಗಿಯೂ ತಾಗದಂತೆ ಇರಬೇಕು. ಡಿಸ್ಕ್ ಬ್ರೇಕ್ ಗಾಡಿಯಲ್ಲಿ ಹಿಂದಿನ ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಲಾಕ್‌ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಪೆಡಲ್ ಏರಿಳಿಯುತ್ತದೆ. ಅರ್ಧರ್ಧ ಸುತ್ತು ತಿರುಗಿಸಿ. ಕೊನೆಗೆ ಪೆಡಲಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲು) ಉಳಿದಿರಲೇಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕಾವಿಗೆ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಮರಳಲಾರದೆ ಚಕ್ರವನ್ನು ತಾನೇ ಹಿಡಿದುಬಿಡುತ್ತದೆ. ಸರಿಪಡಿಸಿದ ಮೇಲೆ ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಂದಿಸಿ, ಬ್ರೇಕ್ ಹಿಡಿಯುವ ಮೊದಲೇ ಲೈಟು ಬೆಳಗಬೇಕು.

ಗೇರ್ ಲಿವರ್ ನೇರವಾಗಿ ಶಾಫ್ಟಿಗೆ ಕೂತಿದ್ದರೆ ಅದರ ಬೋಲ್ಟನ್ನು ಪೂರ್ತಿ ಹೊರತೆಗೆಯಿರಿ. ಬೋಲ್ಟು ಶಾಫ್ಟಿನ ತೋಡಿನಲ್ಲಿ ಕೂತಿರುವುದರಿಂದ ಬರೀ ಸಡಿಲಿಸಿದರೆ ಲಿವರ್ ಬರುವುದಿಲ್ಲ, ಎಳೆದಾಡಿದರೆ ಶಾಫ್ಟಿನ ಹಲ್ಲು ಹಾಳು. ಮೊದಲಿದ್ದ ಜಾಗಕ್ಕೆ ಗುರುತು ಹಾಕಿ ಒಂದೇ ಹಲ್ಲು ಕೆಳಗೆ ಸರಿಸಿ ನೋಡಿ. ಲಿಂಕ್ ರಾಡ್ ಇರುವ ಗಾಡಿಯಲ್ಲಿ ಎರಡು ಲಾಕ್‌ನಟ್‌ಗಳ ಪೈಕಿ ಒಂದು ಎಡ ಮರೆಯದು (ಲೆಫ್ಟ್ ಥ್ರೆಡ್), ಬಲವಂತ ಮಾಡುವ ಮುನ್ನ ನೆನಪಿರಲಿ.

ಪರೀಕ್ಷೆಗೆ ಊರ ಹತ್ತಿರದ ಹೊಲದ ದಾರಿ ಸಾಕು. ದರೋಜಿ ಕರಡಿಧಾಮದ ಕಾಡಿಗಾಗಲಿ, ಆನೆಗೊಂದಿಯ ಹಳೆಯ ಕಲ್ಲುಗಳ ಮೇಲಾಗಲಿ ಗಾಡಿ ಹತ್ತಿಸಬೇಡಿ. ನಿಂತು, ಕೂತು, ಪೆಗ್ ಒತ್ತಿ ತಿರುಗಿಸಿ 20–25 ಕಿ.ಮೀ. ಓಡಿಸಿ ಬಂದು ಕಾಟರ್ ಪಿನ್, ಬ್ರ್ಯಾಕೆಟ್ ಬೋಲ್ಟು, ಹಲ್ಲಿನ ಸ್ಕ್ರೂ ಎಲ್ಲ ಮುಟ್ಟಿ ನೋಡಿ.

ಆಮೇಲಿನ ಆರೈಕೆ

ಗಾಡಿ ತೊಳೆದಾಗಲೆಲ್ಲ ಪೆಗ್ ಮಡಚಿ ಬಿಡಿ, ಟಪ್ ಎಂದು ವಾಪಸ್ ಬೀಳಬೇಕು. ಎಳೆದುಕೊಂಡು ನಿಧಾನವಾಗಿ ಬಂದರೆ ಪಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ತೆಳು ಗ್ರೀಸ್ ಹಚ್ಚಿ. ಸಂಡೂರು ಕಡೆಯವರು ಇದನ್ನು ತಿಂಗಳಿಗೊಮ್ಮೆ ಮಾಡಿದರೆ ಪಿನ್ ಬಹಳ ದಿನ ಬಾಳುತ್ತದೆ. ಹೊಸದಿದ್ದಾಗಲೇ ನೆಲದಿಂದ ಎರಡೂ ಪೆಗ್‌ಗಳ ಹೊರತುದಿಯ ಎತ್ತರ ಬರೆದಿಟ್ಟರೆ, ಯಾವುದು ಎಷ್ಟು ಜೋತಿದೆ ಎಂಬುದು ಆಮೇಲೆ ಊಹೆಯ ಮಾತಾಗಿ ಉಳಿಯುವುದಿಲ್ಲ. ಅಳೆಯುವಾಗ ಟೈರಿನ ಗಾಳಿ ಮೊದಲಿನಷ್ಟೇ ಇರಲಿ. ಗಾಡಿ ಬಿದ್ದ ಮೇಲೆ ಕಣ್ಣಿನ ಸುತ್ತ ಒರೆಸಿ ಬಿರುಕು ಹುಡುಕಿ. ಅಲ್ಯೂಮಿನಿಯಂನಲ್ಲಿ ಕೂದಲಿನಷ್ಟು ತೆಳು ಗೆರೆ ಕಂಡರೂ ಅದನ್ನು ಬದಲಿಸಿ.

ಟೂಲ್ ಕಿಟ್ಟಿನಲ್ಲಿ ನಾಲ್ಕು ಕಾಟರ್ ಪಿನ್, ಎಡ ಬಲಕ್ಕೆ ಒಂದೊಂದು ಸ್ಪ್ರಿಂಗ್, ನಿಮ್ಮ ಪಿನ್ನಿನಷ್ಟೇ ದಪ್ಪದ ಒಂದು ಬೋಲ್ಟು ಮತ್ತು ನೈಲಾಕ್ ನಟ್ ಇಟ್ಟುಕೊಳ್ಳಿ. ಪಿನ್ ಕಳೆದುಹೋದರೆ ಆ ಬೋಲ್ಟು ಊರು ಮುಟ್ಟಿಸುತ್ತದೆ. ಬೋಲ್ಟನ್ನು ಪೆಗ್ ಮಡಚುವಷ್ಟು ಸಡಿಲವಾಗಿಯೇ ಬಿಗಿ ಮಾಡಿ.